ಮಲ್ಲಿಗೆಯ ಬಿಳುಪು, ಜಡೆಯ ಕಪ್ಪು: ಮಂಡ್ಯದ ಸ್ಟುಡಿಯೋ ಒಂದಕ್ಕೆ ಫೋಟೊ ಪ್ರಿಂಟರ್ ಆರಿಸಿದ ಪ್ರಕರಣ

ಮಂಡ್ಯದಲ್ಲಿ ನನ್ನ ಸೋದರಮಾವನ ಫೋಟೊ ಸ್ಟುಡಿಯೋ ಇದೆ. ಮಾಘ ಮಾಸದ ಒಂದು ಸಂಜೆ, ಏಳು ಗಂಟೆ ದಾಟಿದ ಮೇಲೆ, ಹತ್ತಿರದ ಹಳ್ಳಿಯಿಂದ ಅಣ್ಣತಮ್ಮಂದಿರಿಬ್ಬರು ಅಲ್ಲಿಗೆ ಬಂದರು. ಅಂಗಿಯ ಜೇಬಿನಲ್ಲಿ ತೀರಿಕೊಂಡ ತಾಯಿಯ ಪಾಸ್‌ಪೋರ್ಟ್ ಅಳತೆಯ ಫೋಟೊ ಇತ್ತು. ಆಕೆಯದೆಂದು ಮನೆಯಲ್ಲಿ ಉಳಿದಿದ್ದ ಫೋಟೊ ಅದೊಂದೇ. ಮರುದಿನ ಬೆಳಿಗ್ಗೆ ಹನ್ನೊಂದನೆಯ ದಿನದ ತಿಥಿ. ಹಾರ ಹಾಕಲು ದೊಡ್ಡ ಫೋಟೊ ಬೇಕು, ಗಾಜು, ಕಟ್ಟು ಸಮೇತ. ಮಾವನ ದೊಡ್ಡ ಪ್ರಿಂಟುಗಳೆಲ್ಲ ಮೈಸೂರಿನ ಲ್ಯಾಬಿನಿಂದ ಬರುತ್ತಿದ್ದವು. ಆ ಹೊತ್ತಿಗೆ ಅಲ್ಲಿ ಬಾಗಿಲು ಹಾಕಿರುತ್ತಾರೆ. ಮಾವ ಕಚೇರಿ ಕೆಲಸದ ಎ4 ಪ್ರಿಂಟರಿನಲ್ಲೇ ಒಂದು ಹಾಳೆ ಮುದ್ರಿಸಿ, ಸುತ್ತ ಅಗಲವಾದ ಬಿಳಿ ರಟ್ಟು ಕೊಟ್ಟು, 16×20 ಇಂಚಿನ ಕಟ್ಟಿನಲ್ಲಿ ಕೂರಿಸಿ ಕಳಿಸಿದರು.

ಆ ರಾತ್ರಿಯೇ ನನಗೆ ಫೋನ್ ಮಾಡಿದರು. “ಅಳಿಯ, ಆ ತಾಯಿಯ ಫೋಟೊವನ್ನು ಹಾಗೆ ಕಳಿಸಬಾರದಿತ್ತು. ನನ್ನದೇ ಒಂದು ದೊಡ್ಡ ಮಷಿನ್ ಬೇಕು. ಹೊಳೆಯುವ ಗ್ಲಾಸಿ ಫೋಟೊ ಚೆನ್ನಾಗಿ ಬರಬೇಕು. ಯಾವುದೆಂದು ನೀನು ನೋಡಿ ಹೇಳಪ್ಪ.”

ನಾನು ಮೈಸೂರಿನಲ್ಲಿ ಫೋಟೊಗಳ ಬಣ್ಣ ತಿದ್ದುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಮುದ್ರಣ ಯಂತ್ರಗಳ ಜೊತೆ ಒಡನಾಟವಿದೆ. ಆದರೂ ಫೋನಿನಲ್ಲೇ ಒಂದು ಹೆಸರು ಹೇಳಿಬಿಡಲು ಮನಸ್ಸು ಒಪ್ಪಲಿಲ್ಲ. ಮುಂದಿನ ಭಾನುವಾರ ಮಂಡ್ಯಕ್ಕೆ ಹೋದೆ.

ಬಿಲ್ ಪುಸ್ತಕ

ಮಾವನ ಮನಸ್ಸಿನಲ್ಲಿ ಆಗಲೇ ಒಂದು ಯಂತ್ರ ಕುಳಿತಿತ್ತು: 24 ಇಂಚು ಅಗಲದ, ರೋಲ್ ಕಾಗದದಲ್ಲಿ ಮುದ್ರಿಸುವ ದೊಡ್ಡ ಪ್ರಿಂಟರ್. ಅವರ ಲೆಕ್ಕ ತಪ್ಪಾಗಿರಲಿಲ್ಲ. 30 ಮೀಟರಿನ ಒಂದು ರೋಲಿನಲ್ಲಿ 16×24 ಅಳತೆಯವು 73 ಬರುತ್ತವೆ. 12×18 ಆದರೆ ಅಗಲಕ್ಕೆ ಎರಡೆರಡರಂತೆ 130. 24×36ರ ದೊಡ್ಡ ಫೋಟೊ 32. ಚೂರೂ ಕಾಗದ ದಂಡವಿಲ್ಲ. ಬಿಡಿ ಹಾಳೆಗಳಲ್ಲಿ ಈ ಅನುಕೂಲ ಸಿಗದು.

ಅವರನ್ನು ತಡೆದು, ಹಿಂದಿನ ಒಂದು ವರ್ಷದ ಬಿಲ್ ಪುಸ್ತಕಗಳನ್ನು ಕೇಳಿ ಪಡೆದೆ. ಅಂಗಡಿಯಿಂದ ಏನು ಹೊರಗೆ ಹೋಗುತ್ತಿದೆ ಎಂದು ತಿಳಿಯದೆ ಯಾವ ಯಂತ್ರ ಒಳಗೆ ಬರಬೇಕೆಂದು ಹೇಳಲಾಗದು. ಇಬ್ಬರೂ ಮಧ್ಯಾಹ್ನದವರೆಗೆ ಕುಳಿತು ಬಿಲ್ಲುಗಳನ್ನು ಮೂರು ಗುಡ್ಡೆ ಮಾಡಿದೆವು. ದೊಡ್ಡ ಗುಡ್ಡೆ ಮದುವೆ ಆಲ್ಬಮ್ಮಿನ 12×36 ಹಾಳೆಗಳದ್ದು. ಅದು ಲ್ಯಾಬಿನ ಕೆಲಸ. ಮುದ್ರಣ, ಅಂಟಿಸುವುದು, ಬೈಂಡಿಂಗ್ ಎಲ್ಲವೂ ಒಂದೇ ಕಡೆ ಆಗಿ ಬರುತ್ತದೆ. ಮನೆಯಲ್ಲಿ ಮಾಡಲು ಹೋದರೆ ಬೈಂಡಿಂಗಿಗಾಗಿ ಮತ್ತೆ ಅಲ್ಲಿಗೇ ಓಡಬೇಕು. ಎರಡನೆಯದು 12×18 ಮತ್ತು 16×20 ಅಳತೆಯ ಕಟ್ಟು ಹಾಕಿದ ಫೋಟೊಗಳು: ಹಾಲಿನ ಗೋಡೆಗೆ ವಧೂವರರು, ಮಗುವಿನ ನಾಮಕರಣ, ತೀರಿಕೊಂಡ ಹಿರಿಯರು. ಮೂರನೆಯ ಗುಡ್ಡೆ 20×30, 24×36. ತಿಂಗಳಿಗೆ ಒಂದೋ ಎರಡೋ. ಅವನ್ನು ಕೇಳಿದವರು ವಾರ ಕಾಯಲು ತಯಾರಿದ್ದರು.

ತುರ್ತು ಎಂದು ಮಾವ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದ ಬಿಲ್ಲುಗಳೆಲ್ಲ ಎರಡನೆಯ ಗುಡ್ಡೆಯಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವು ತಿಥಿಯ ಫೋಟೊಗಳು. ಮದುವೆಯ ಫೋಟೊ ತಿಂಗಳು ತಡವಾದರೂ ಜನ ಬೈದುಕೊಂಡು ಸುಮ್ಮನಾಗುತ್ತಾರೆ. ಸಾವಿನ ಮನೆಗೆ ಹಾಗೆ ಹೇಳಲಾಗದು.

24 ಇಂಚಿನ ಫೋಟೊ ಪ್ರಿಂಟರ್ ಸ್ಟ್ಯಾಂಡ್ ಸೇರಿ ನೂರು ಕಿಲೋ ಮೀರುತ್ತದೆ, ಮೂರೂವರೆ ಅಡಿ ಜಾಗ ಕೇಳುತ್ತದೆ. ಅಂಗಡಿಯ ಅಗಲವೇ ಹತ್ತು ಅಡಿ. ಇಂಕ್ ಟ್ಯಾಂಕುಗಳೂ ದೊಡ್ಡವು. ತಿಂಗಳಿಗೆ ಎರಡು ದೊಡ್ಡ ಪ್ರಿಂಟಿಗಾಗಿ ಅವನ್ನೆಲ್ಲ ತುಂಬಿಸಿಟ್ಟು ಕೂರುವುದೆಂದರೆ ಒಬ್ಬರಿಗೆ ಅಡುಗೆ ಮಾಡಲು ಮದುವೆ ಮನೆಯ ಕೊಪ್ಪರಿಗೆ ಇಳಿಸಿದಂತೆ. 17 ಇಂಚು ಅಗಲ ಸಾಕೆಂದು ಅಲ್ಲೇ ತೀರ್ಮಾನವಾಯಿತು. ಮಾವನ ಮುಖ ಸ್ವಲ್ಪ ಸಪ್ಪಗಾದದ್ದು ನಿಜ.

ಈ ನಡುವೆ ವ್ಯಾಪಾರಿಯೊಬ್ಬರು ನಕ್ಷೆ ಮುದ್ರಿಸುವ ಪ್ಲಾಟರ್ ಒಂದನ್ನು “ಇದೂ 24 ಇಂಚೇ, ಬೆಲೆ ಅರ್ಧ” ಎಂದು ತೋರಿಸಿದ್ದರು. ಮನೆಯ ಪ್ಲಾನ್ ಮುದ್ರಿಸಲು ಅದು ಒಳ್ಳೆಯ ಯಂತ್ರ. ಆದರೆ ಇರುವುದು ನಾಲ್ಕೇ ಇಂಕು, ತಿಳಿ ನೀಲಿ, ತಿಳಿ ಕೆಂಪು, ಬೂದು ಇಂಕುಗಳಿಲ್ಲ. ಕೆನ್ನೆಯ ತಿಳಿ ಬಣ್ಣವನ್ನು ಗಾಢ ಇಂಕಿನ ಬಿಡಿ ಚುಕ್ಕೆಗಳಿಂದಲೇ ತೋರಿಸಬೇಕಾಗಿ ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಫ್ಲೆಕ್ಸ್ ಮುದ್ರಿಸುವ ಯಂತ್ರದ ಸಲಹೆಯೂ ಬಂತು. ಅದು ರಸ್ತೆಯ ಆಚೆ ಬದಿಯಿಂದ ನೋಡುವುದಕ್ಕೆ ಮಾಡಿದ್ದು. ಒಂದು ಮೊಳ ದೂರದಿಂದ ತಾಯಿಯ ಮುಖ ನೋಡುವುದಕ್ಕಲ್ಲ.

ಕಿಟಕಿಯ ಬಳಿ

ಉಳಿದ ಪ್ರಶ್ನೆ ಇಂಕಿನದು. ಗ್ಲಾಸಿ ಕಾಗದದ ವಿಷಯದಲ್ಲಿ ನಿಜವಾದ ಪ್ರಶ್ನೆಯೇ ಅದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಗಳಲ್ಲಿ ಡಿಪಿಐ (ಇಂಚಿಗೆ ಬೀಳುವ ಚುಕ್ಕೆ) ಎಷ್ಟು, ನಿಮಿಷಕ್ಕೆ ಎಷ್ಟು ಹಾಳೆ ಎಂದು ಕೇಳುವವರೇ ಹೆಚ್ಚು, ಇಂಕು ಕಾಗದದ ಮೇಲೆ ಹೇಗೆ ಕೂರುತ್ತದೆ ಎಂದು ಕೇಳುವವರು ಕಡಿಮೆ.

ಇಂಕ್‌ಜೆಟ್ ಇಂಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಡೈ ಇಂಕಿನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಅರಿಶಿನದ ನೀರು ಬಟ್ಟೆಗೆ ಇಳಿದಂತೆ ಅದು ಕಾಗದದ ಲೇಪನದೊಳಕ್ಕೆ ಇಂಗುತ್ತದೆ, ಮೇಲ್ಮೈಯಲ್ಲಿ ಕಾಗದದ ಹೊಳಪೇ ಉಳಿಯುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗುವುದಿಲ್ಲ. ಅತಿ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ. ನೆಲದ ಮೇಲೆ ರಂಗೋಲಿ ಕುಳಿತಂತೆ ಆ ಕಣಗಳು ಕಾಗದದ ಮೇಲೆಯೇ ಕೂರುತ್ತವೆ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಇದರಿಂದ ತೊಂದರೆಯಿಲ್ಲ. ಗ್ಲಾಸಿಯಲ್ಲಿ ಮಾತ್ರ ಇಂಕು ಬಿದ್ದ ಜಾಗದ ಹೊಳಪೇ ಬೇರೆ, ಬೀಳದ ಜಾಗದ ಹೊಳಪೇ ಬೇರೆ ಆಗಬಹುದು. ಕಡುಕಪ್ಪಿನ ಮೇಲೆ ಓರೆ ಬೆಳಕು ಬಿದ್ದಾಗ ಕಂಚಿನ ಛಾಯೆಯೂ ಮೂಡಬಹುದು.

ಇದನ್ನು ಬಾಯಲ್ಲಿ ಹೇಳಿದರೆ ಮಾವ ಒಪ್ಪುವವರಲ್ಲ. ಅವರೇ ತೆಗೆದ ಒಂದು ಮದುವೆಯ ಚಿತ್ರ ತೆಗೆದುಕೊಂಡೆ. ಮದುಮಗಳು ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಾಳೆ. ಜಡೆಯ ತುಂಬ ಮೈಸೂರು ಮಲ್ಲಿಗೆ, ಜರಿ ಅಂಚಿನ ಕೆಂಪು ರೇಷ್ಮೆ ಸೀರೆ. ಅದೇ ಫೈಲನ್ನು ಮೈಸೂರಿನ ಪರಿಚಿತರ ಬಳಿ ಮೂರು ಬಗೆಯ ಯಂತ್ರಗಳಲ್ಲಿ 12×18 ಮುದ್ರಿಸಿಕೊಂಡೆ: ಒಂದು ಡೈ ಇಂಕಿನದು, ಒಂದು ಪಿಗ್ಮೆಂಟಿನದು, ಮತ್ತೊಂದು ಪಿಗ್ಮೆಂಟಿನ ಜೊತೆಗೆ ಬಣ್ಣವಿಲ್ಲದ ಪಾರದರ್ಶಕ ದ್ರವವನ್ನೂ ಮೇಲೆ ಹರಡುವಂಥದ್ದು. ಹಿಂದೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದಷ್ಟೇ ಬರೆದೆ.

ಮಾವ ಬೆಳಗಿನ ರೈಲಿಗೆ ಸರಸ್ವತಿಪುರಂನ ನನ್ನ ಮನೆಗೆ ಬಂದರು. ಟ್ಯೂಬ್‌ಲೈಟಿನ ಕೆಳಗೆ ಮೂರನ್ನೂ ಸಾಲಾಗಿ ಇಟ್ಟಾಗ “ಎಲ್ಲ ಒಂದೇ ಅಲ್ಲವೇ?” ಎಂದರು. ನೇರವಾಗಿ ನೋಡಿದರೆ ನಿಜಕ್ಕೂ ಬಹಳ ವ್ಯತ್ಯಾಸವಿರಲಿಲ್ಲ. ಆಮೇಲೆ ಅವರಾಗಿಯೇ ಒಂದು ಕೆಲಸ ಮಾಡಿದರು. ಎರಡನೆಯ ಹಾಳೆಯನ್ನು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು, ಪೂರ್ವದ ಕಿಟಕಿಯ ಹತ್ತಿರ ಒಯ್ದು, ಕಣ್ಣಿನ ಮಟ್ಟಕ್ಕೆ ತಂದು ನಿಧಾನವಾಗಿ ಓರೆ ಮಾಡಿದರು. ಬ್ರೋಮೈಡ್ ಕಾಗದದ ಕಾಲದಲ್ಲಿ ಒದ್ದೆ ಫೋಟೊವನ್ನು ಹೊಳೆಯುವ ಕ್ರೋಮ್ ತಗಡಿಗೆ ಮುಖ ಅಂಟಿಸಿ ಒಣಗಿಸಿ, ಕಿತ್ತಾಗ ಹೊಳಪು ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ಹೀಗೆಯೇ ನೋಡುತ್ತಿದ್ದರಂತೆ.

ಬೆಳಕು ಹಾಳೆಯ ಮೇಲೆ ಜಾರಿ ಜಡೆಯ ಹತ್ತಿರ ಬಂದು ಒಡೆಯಿತು. ಮಲ್ಲಿಗೆಯ ಎಸಳುಗಳ ಅತಿ ಬಿಳಿ ಭಾಗದಲ್ಲಿ ಇಂಕೇ ಇಲ್ಲ, ಅಲ್ಲಿರುವುದು ಬರಿಯ ಕಾಗದ. ಅದರ ಸುತ್ತಲ ಕೂದಲಿನಲ್ಲಿ ಇಂಕಿನ ದಟ್ಟ ಪದರ. ಓರೆಯಾಗಿ ಹಿಡಿದಾಗ ಕೂದಲು ಒಂದು ಬಗೆಯಲ್ಲಿ ಹೊಳೆಯಿತು, ಹೂವು ಮಂಕಾಗಿ ಒಳಗೆ ಕುಸಿದಂತೆ ಕಂಡಿತು. ಹೂವನ್ನು ಯಾರೋ ಕತ್ತರಿಸಿ ಹಿಂದಿನಿಂದ ಬೇರೆ ಕಾಗದ ಅಂಟಿಸಿದ ಹಾಗೆ. ಜಡೆಯ ತುದಿಯ ಕಪ್ಪಿನಲ್ಲಿ ತೆಳುವಾದ ಕಂದು ಮಿಂಚು. ಮಾವ ಏನೂ ಹೇಳದೆ ಒಂದನೆಯದನ್ನು ತೆಗೆದುಕೊಂಡರು. ಡೈ ಇಂಕಿನ ಆ ಹಾಳೆಯ ಮೇಲೆ ಬೆಳಕು ಈ ಅಂಚಿನಿಂದ ಆ ಅಂಚಿಗೆ ತಡೆಯಿಲ್ಲದೆ ಹರಿಯಿತು. ಮೂರನೆಯದರಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಬಹಳ ಹುಡುಕಿದ ಮೇಲೆ ಹೂವಿನ ಅಂಚಿನಲ್ಲಿ ಒಂದು ಚೂರು ಭೇದ ಸಿಕ್ಕಿತು.

“ಒಂದನೆಯದು ನಮ್ಮ ಹಳೆಯ ಗ್ಲೇಜಿಂಗ್ ಇದ್ದ ಹಾಗಿದೆ” ಎಂದರು. “ಇದೇ ಇರಲಿ.”

ಪಿಗ್ಮೆಂಟ್ ಯಂತ್ರಗಳೆಲ್ಲ ಹೀಗೆಯೇ ಎಂದು ಇದರಿಂದ ತಿಳಿಯಬಾರದು. ಹೊಸ ತಲೆಮಾರಿನವುಗಳಲ್ಲಿ ಕಣಗಳ ಮೇಲಿನ ರಾಳದ ಹೊದಿಕೆ ಸುಧಾರಿಸಿದೆ, ಹೊಳಪಿನ ಭೇದ ಬಹಳ ತಗ್ಗಿದೆ. ನಸುಹೊಳಪಿನ ಲಸ್ಟರ್ ಕಾಗದದಲ್ಲಂತೂ ಅದು ಕಾಣುವುದೇ ಅಪರೂಪ. ಕನ್ನಡಿಯಂತಹ ಗ್ಲಾಸಿಯಲ್ಲಿ, ಬಿಳಿ ಹೂವು ಕಪ್ಪು ಕೂದಲಿನ ಪಕ್ಕ ಬಂದಾಗ, ಪರೀಕ್ಷೆ ಕಠಿಣವಾಗುತ್ತದೆ. ನಮ್ಮ ಕಡೆಯ ಮದುವೆಯ ಫೋಟೊಗಳಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಊದುಬತ್ತಿಯ ಗೋಡೆ

ನಾನು ಒಂದನೆಯದಕ್ಕೆ ಒಪ್ಪಲಿಲ್ಲ. ಇಬ್ಬರ ನಡುವೆ ಜೋರಾಗಿಯೇ ವಾದವಾಯಿತು.

ಡೈ ಇಂಕಿನ ಯಂತ್ರ ಕೊಳ್ಳುವುದು ಸುಲಭವಿತ್ತು. ಬಾಟಲಿಯಿಂದ ಇಂಕು ತುಂಬುವ, ಆರು ಬಣ್ಣದ ಎಪ್ಸನ್ ಎಲ್1800, ಎಲ್18050 ಮಾದರಿಗಳು ಎ3+ ಅಳತೆಯವು. 13 ಇಂಚು ಅಗಲ. ಇಂಕಿನ ಖರ್ಚೂ ಕಡಿಮೆ. ಕ್ಯಾನನ್ ಪ್ರೊ-200 ಎಂಟು ಡೈ ಇಂಕುಗಳದ್ದು, ಎರಡು ಬಗೆಯ ಬೂದು ಇಂಕು ಇರುವುದರಿಂದ ಕಪ್ಪು ಬಿಳುಪಿನ ಚಿತ್ರಗಳೂ ಅದರಲ್ಲಿ ಚೆನ್ನಾಗಿ ಬರುತ್ತವೆ. ಮದುವೆಯ 12×18 ಒಂದೇ ಆಗಿದ್ದರೆ ಆ ವರ್ಗದ ಯಂತ್ರವನ್ನೇ ಹೇಳುತ್ತಿದ್ದೆ. ಈಗಲೂ ಕೇಳಿದವರಿಗೆ ಹೇಳುತ್ತೇನೆ.

ಆದರೆ ಕೆಂಪು ಗುರುತಿನ ಬಿಲ್ಲುಗಳು ನನ್ನ ಕಣ್ಣ ಮುಂದಿದ್ದವು. ಅವು 16×20, 13 ಇಂಚಿನ ಯಂತ್ರದಲ್ಲಿ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಫೋಟೊಗಳು ಎಲ್ಲಿ ತೂಗುತ್ತವೆ ಎಂಬುದು. ಹಾಲಿನಲ್ಲಿ ಬಾಗಿಲಿನ ಮೇಲೆ ಅಥವಾ ದೇವರ ಮನೆಯ ಪಕ್ಕದ ಗೋಡೆಯಲ್ಲಿ. ಕೆಳಗೆ ದೀಪ, ದಿನವೂ ಊದುಬತ್ತಿ, ಮೇಲೆ ಹಗಲೂ ರಾತ್ರಿ ಉರಿಯುವ ಪುಟ್ಟ ಬಲ್ಬು. ಡೈ ಇಂಕಿಗೆ ಬೆಳಕು ಮತ್ತು ಗಾಳಿಯಲ್ಲಿನ ಓಝೋನ್ ಎರಡೂ ಶತ್ರುಗಳು. ಗಾಜಿನ ಒಳಗಿದ್ದರೆ ಗಾಳಿಯ ಹೊಡೆತ ಬಹಳ ತಗ್ಗುತ್ತದೆ, ಆದರೆ ಬೆಳಕು ಬಿಡುವುದಿಲ್ಲ. ಪಿಗ್ಮೆಂಟಿನಲ್ಲಿ ಬಣ್ಣ ಗಟ್ಟಿ ಕಣವಾಗಿರುವುದರಿಂದ ಹೊರಗಿನ ಪದರ ಸವೆದರೂ ಒಳಗಿನದು ಉಳಿಯುತ್ತದೆ. ದಶಕಗಳ ಕಾಲ ನಿಲ್ಲುತ್ತದೆ. ಮದುವೆಯ ಫೋಟೊ ಮಾಸಿದರೆ ಫೈಲಿನಿಂದ ಮತ್ತೊಂದು ಮುದ್ರಿಸಬಹುದು. ಆ ತಾಯಿಯ ಒಂದೇ ಒಂದು ಪಾಸ್‌ಪೋರ್ಟ್ ಫೋಟೊ ಇಪ್ಪತ್ತು ವರ್ಷದ ಮೇಲೆ ಎಲ್ಲಿರುತ್ತದೋ, ಯಾರಿಗೆ ಗೊತ್ತು?

“ಮಾವ, ನೀವು ಫೋನ್ ಮಾಡಿದ್ದು ಮದುಮಗಳಿಗಾಗಿ ಅಲ್ಲ, ಆ ತಾಯಿಗಾಗಿ” ಎಂದೆ. ಅವರು ಮೂರನೆಯ ಹಾಳೆಯನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದರು.

17 ಇಂಚಿನಲ್ಲಿ ಆಗ ನಮ್ಮ ಮುಂದೆ ಎರಡು ಹೆಸರುಗಳಿದ್ದವು. ಎಪ್ಸನ್ ಶೂರ್‌ಕಲರ್ ಪಿ900: ಹತ್ತು ಪಿಗ್ಮೆಂಟ್ ಇಂಕು, 50 ಮಿಲಿಲೀಟರಿನ ಟ್ಯಾಂಕು, ಹಗುರ ಮೈ, ಬೇಕಾದರೆ ರೋಲ್ ಹಿಡಿಕೆಯನ್ನೂ ಸೇರಿಸಬಹುದು. ಗ್ಲಾಸಿ ಕಪ್ಪಿಗೂ ಮ್ಯಾಟ್ ಕಪ್ಪಿಗೂ ಪ್ರತ್ಯೇಕ ದಾರಿಗಳಿರುವುದರಿಂದ ಕಾಗದ ಬದಲಿಸಿದಾಗ ಇಂಕು ದಂಡವಾಗುವುದಿಲ್ಲ. ಇನ್ನೊಂದು ಕ್ಯಾನನ್ ಇಮೇಜ್‌ಪ್ರೋಗ್ರಾಫ್ ಪ್ರೊ-1000: 80 ಮಿಲಿಲೀಟರಿನ ಹನ್ನೆರಡು ಟ್ಯಾಂಕು, ಅವುಗಳಲ್ಲಿ ಹನ್ನೆರಡನೆಯದು ಕ್ರೋಮಾ ಆಪ್ಟಿಮೈಸರ್ ಎಂಬ ಆ ಪಾರದರ್ಶಕ ದ್ರವ. ರೋಲ್ ಸೌಲಭ್ಯವಿಲ್ಲ, ತೂಕ ಮೂವತ್ತು ಕಿಲೋ ಮೀರಿದ್ದು. ಲಸ್ಟರ್ ಮತ್ತು ಮ್ಯಾಟ್ ಕಾಗದದಲ್ಲೇ ಹೆಚ್ಚು ಕೆಲಸವಿರುವವರಿಗೆ ಮೊದಲನೆಯದು ಚೆನ್ನಾಗಿ ಒಗ್ಗುತ್ತದೆ. ಮಾವನ ಗಿರಾಕಿಗಳಿಗೆ ಬೇಕಾದದ್ದು ಅಪ್ಪಟ ಗ್ಲಾಸಿ. ಆದ್ದರಿಂದ ಎರಡನೆಯದನ್ನು ಆರಿಸಿದೆವು. ಅದರ ಹೆಡ್ಡನ್ನು, ಅಂದರೆ ಇಂಕು ಸಿಡಿಸುವ ಭಾಗವನ್ನು, ಬಳಕೆದಾರರೇ ಬಿಚ್ಚಿ ಹೊಸದು ಹಾಕಬಹುದೆಂಬುದೂ ನನಗೆ ದೊಡ್ಡ ಅಂಶವಾಗಿ ಕಂಡಿತು. ಮಂಡ್ಯದಲ್ಲಿ ಇಂಥ ಯಂತ್ರ ರಿಪೇರಿ ಮಾಡುವವರು ಬೀದಿಗೊಬ್ಬರಿಲ್ಲ.

ಇಲ್ಲೊಂದು ಸೆಟ್ಟಿಂಗ್ ಇದೆ, ಅದನ್ನು ಬಿಟ್ಟರೆ ಇಷ್ಟು ಆಲೋಚನೆಯೂ ವ್ಯರ್ಥ. ಪಾರದರ್ಶಕ ಲೇಪವನ್ನು ಎಲ್ಲಿ ಹಾಕಬೇಕೆಂದು ಯಂತ್ರವೇ ತೀರ್ಮಾನಿಸುವ ಸ್ವಯಂಚಾಲಿತ ಕ್ರಮ ಒಂದು, ಹಾಳೆಯ ಪೂರ್ತಿ ಹರಡುವ ಕ್ರಮ ಇನ್ನೊಂದು. ಮಲ್ಲಿಗೆ, ಬಿಳಿ ಪಂಚೆ, ಬೆಳ್ಳಿ ಕೂದಲು ಇರುವ ಗ್ಲಾಸಿ ಪ್ರಿಂಟಿಗೆ ಪೂರ್ತಿ ಹರಡುವುದನ್ನೇ ಆರಿಸಬೇಕು. ಆ ದ್ರವ ಬೇಗ ಖಾಲಿಯಾಗುತ್ತದೆ. ಒಂದು ಹೆಚ್ಚುವರಿ ಟ್ಯಾಂಕ್ ಕಪಾಟಿನಲ್ಲಿ ಇರಲೇಬೇಕು.

ಮೊದಲ ತಿಂಗಳುಗಳು

ಯಂತ್ರ ಬಂದ ದಿನ ಬಣ್ಣದ ತಕರಾರು. ಮಾನಿಟರಿನಲ್ಲಿ ಕಂಡದ್ದಕ್ಕಿಂತ ಪ್ರಿಂಟು ಕಪ್ಪಾಗಿತ್ತು. ಮಾನಿಟರಿನ ಬೆಳಕು ಪೂರ್ತಿ ಏರಿಸಿಟ್ಟಿದ್ದರು. ಅದನ್ನು ತಗ್ಗಿಸಿ, ಆ ಕಾಗದಕ್ಕೇ ಮಾಡಿದ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಹಾಕಿದ ಮೇಲೆ ಸರಿಹೋಯಿತು. ಕಾಗದ ಬದಲಾದರೆ ಪ್ರೊಫೈಲೂ ಬದಲಾಗಬೇಕು, ಅಷ್ಟೇ.

ಎರಡನೆಯ ವಾರದ ತಪ್ಪು ಮಾತ್ರ ಪೂರ್ತಿ ನನ್ನದು. ಪಿಗ್ಮೆಂಟ್ ಇಂಕು ಮುಟ್ಟಿದರೆ ಕೈಗೆ ಹತ್ತದಷ್ಟು ಬೇಗ ಒಣಗುತ್ತದೆ ಎಂದು ಮಾವನಿಗೆ ನಾನೇ ಹೇಳಿದ್ದೆ. ಅವರು ಸಂಜೆ ಮುದ್ರಿಸಿ ಒಂದು ಗಂಟೆಯೊಳಗೆ ಗಾಜು ಹಾಕಿ ಕೊಟ್ಟರು. ಕೆಲವೇ ದಿನಗಳಲ್ಲಿ ಗಿರಾಕಿ ವಾಪಸು ತಂದರು: ಗಾಜಿನ ಒಳಮೈಯಲ್ಲಿ ಬಿಳಿ ಮಂಜು, ಅದೂ ಫೋಟೊದ ಗಾಢ ಬಣ್ಣಗಳಿದ್ದ ಕಡೆ ದಟ್ಟವಾಗಿ. ಕೈಗೆ ಹತ್ತದಿದ್ದರೂ ಇಂಕಿನಲ್ಲಿರುವ ಗ್ಲೈಕಾಲ್‌ನಂತಹ ದ್ರಾವಕಗಳು ದಿನಗಟ್ಟಲೆ ಆವಿಯಾಗುತ್ತಿರುತ್ತವೆ. ಗ್ಲಾಸಿ ಕಾಗದದ ಒಳಪದರದ ಎರಡೂ ಬದಿಗೆ ಪ್ಲಾಸ್ಟಿಕ್ ಪೊರೆ ಇರುವುದರಿಂದ ಹಿಂದಿನಿಂದ ಹೊರಹೋಗಲು ದಾರಿಯಿಲ್ಲ, ಆವಿಯೆಲ್ಲ ಗಾಜಿಗೆ ಬಂದು ಕೂರುತ್ತದೆ. ಮಾವ ಗಾಜು ಒರೆಸಿ, ಕ್ಷಮೆ ಕೇಳಿ, ಹೊಸ ಕಟ್ಟು ಹಾಕಿಕೊಟ್ಟರು. ಆ ಮಾತು ನಾನು ಮೊದಲೇ ಹೇಳಬೇಕಿತ್ತು.

ಈಗಿನ ಕ್ರಮ ಹೀಗಿದೆ: ಮುದ್ರಿಸಿದ ಹಾಳೆಯನ್ನು ಹದಿನೈದು ನಿಮಿಷ ಬಯಲಿಗೆ ಬಿಟ್ಟು, ಮೇಲೆ ಸಾದಾ ಬಿಳಿ ಕಾಗದ ಹೊದಿಸಿ ಒಂದು ಹಗಲು ಒಂದು ರಾತ್ರಿ ಬಿಡುವುದು. ಸಾದಾ ಕಾಗದ ದ್ರಾವಕವನ್ನು ಹೀರಿ ಅಲೆಅಲೆಯಾದರೆ ಅದನ್ನು ಬದಲಿಸಿ ಇನ್ನೊಂದು ದಿನ. ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂಚು ಕಡ್ಡಾಯ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಗ್ಲಾಸಿ ಮೈ ಗಾಜಿಗೆ ಕಚ್ಚಿಕೊಂಡು ಕೀಳಲು ಬರುವುದಿಲ್ಲ. ತಿಥಿಯ ತುರ್ತು ಇದ್ದಾಗ ಫೋಟೊವನ್ನು ಗಾಜಿಲ್ಲದ ಕಟ್ಟಿನಲ್ಲಿ ಕಳಿಸುತ್ತಾರೆ. ಕಾರ್ಯ ಮುಗಿದ ಮೇಲೆ ತಂದರೆ ಗಾಜು ಹಾಕಿಕೊಡುತ್ತಾರೆ, ದುಡ್ಡು ಪಡೆಯದೆ.

ಪಾಸ್‌ಪೋರ್ಟ್ ಫೋಟೊದ ವಿಷಯದಲ್ಲಿ ನಮ್ಮ ಭಿನ್ನಾಭಿಪ್ರಾಯ ಉಳಿದೇ ಇದೆ. 35×45 ಮಿಲಿಮೀಟರಿನ ಫೋಟೊವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೂ ಎತ್ತರಕ್ಕೆ ಸಿಗುವುದು ಸುಮಾರು 2,126 ಪಿಕ್ಸೆಲ್. ಅದನ್ನು 20 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 106 ಪಿಕ್ಸೆಲ್ ಅಷ್ಟೇ. ಹಳೆಯ ಕಾಗದದ ಗೀರು, ಮೊಹರಿನ ಶಾಯಿ, ಸ್ಕ್ಯಾನರಿನ ಧೂಳು ಎಲ್ಲವನ್ನೂ ಗ್ಲಾಸಿ ಎತ್ತಿ ತೋರಿಸುತ್ತದೆ. ಇಂಥವನ್ನು ಲಸ್ಟರಿನಲ್ಲಿ ಮುದ್ರಿಸಿದರೆ ಕಣ್ಣಿಗೆ ಹಿತ ಎಂದು ನನ್ನ ವಾದ. “ಮನೆಯವರು ಹೊಳೆಯಬೇಕು ಎನ್ನುತ್ತಾರಪ್ಪ” ಎಂದು ಮಾವನ ವಾದ. ಮೊಬೈಲಿನಲ್ಲಿ ಬಂದ ಚಿತ್ರಗಳ ಬಗ್ಗೆ ಮಾತ್ರ ಇಬ್ಬರೂ ಒಂದಾಗಿದ್ದೇವೆ: ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಚಿತ್ರ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಅಂಗಡಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹಾಕಿದ್ದಾರೆ.

ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸುವುದು ಮಾವನ ಎಷ್ಟೋ ವರ್ಷಗಳ ಅಭ್ಯಾಸ. ಇಂಕ್‌ಜೆಟ್ಟಿಗೆ ಅದು ಹಾನಿಕರ. ಯಂತ್ರದ ಗುಂಡಿಯನ್ನೇ ಒತ್ತಿ ಆರಿಸಿದಾಗ ಹೆಡ್ ತನ್ನ ಗೂಡಿಗೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತದೆ. ಮುದ್ರಣದ ನಡುವೆ ಕರೆಂಟು ಹೋದರೆ ಅದು ಬಾಯಿ ತೆರೆದುಕೊಂಡೇ ನಿಂತು ಒಣಗುತ್ತದೆ. ಒಂದು ಸಣ್ಣ ಯುಪಿಎಸ್ ತಂದೆವು, ಪ್ರಿಂಟರಿನ ಪ್ಲಗ್ಗಿಗೆ ಬೇರೆ ಲೈನ್ ಎಳೆಸಿದೆವು.

ಆಮೇಲೆ ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಇಂಕ್‌ಜೆಟ್ ಹೆಡ್ ಕೆಡುವುದು ದುಡಿದು ದಣಿದಾಗಲ್ಲ, ಕೆಲಸವಿಲ್ಲದೆ ಕುಳಿತಾಗ. ತೂತುಗಳಲ್ಲಿ ಇಂಕು ಗಟ್ಟಿಯಾಗುತ್ತದೆ, ಅದನ್ನು ತೆಗೆಯಲು ಯಂತ್ರ ಇನ್ನಷ್ಟು ಇಂಕನ್ನು ಹೊರಚೆಲ್ಲುತ್ತದೆ. ದಿನ ಬಿಟ್ಟು ದಿನ ಏನಾದರೂ ಬಣ್ಣದ ಚಿತ್ರ ಮುದ್ರಿಸಿ ಎಂದು ಹೇಳಿದ್ದೆ. ಮಾವ ಅಟ್ಟದಿಂದ ಹಳೆಯ ನೆಗೆಟಿವ್‌ಗಳ ಡಬ್ಬ ಇಳಿಸಿದರು. ಬಣ್ಣದ ಫಿಲ್ಮಿನ ಕಾಲದಲ್ಲಿ ಊರವರು ತೆಗೆಸಿಕೊಂಡು ಮರೆತ ಮುಖಗಳು. ಒಂದೊಂದನ್ನೇ ಸ್ಕ್ಯಾನ್ ಮಾಡಿ, 5×7 ಅಳತೆಯಲ್ಲಿ ಗ್ಲಾಸಿ ಮುದ್ರಿಸಿ, ಕೌಂಟರಿನ ಗಾಜಿನ ಕೆಳಗೆ ಜೋಡಿಸಿದರು. ಆ ಆಷಾಢದಲ್ಲಿ ಹದಿನಾಲ್ಕು ಫೋಟೊ ಹೊರಬಂದವು. ನೋಡಿದವರು ಗುರುತು ಹಿಡಿದು ಒಂಬತ್ತನ್ನು ಮನೆಗೆ ಒಯ್ದರು. ಉಳಿದ ಐದು ಇನ್ನೂ ಗಾಜಿನ ಕೆಳಗಿವೆ.